ಸಿನ್ಯೋರಾ ಕಲಿಸಿದ ದನಿ

ಮುಂಬಯಿಯಲ್ಲಿ ನನಗೆ ಸಿಕ್ಕ ಮೊದಲ ಪಾಠದಲ್ಲಿ ಹಾಡೇ ಇರಲಿಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಬಿಳಿಯ ಮುದುಕಿ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗದ್ದ ಹಿಡಿದು, ನನ್ನ ಬಾಯಿಯೊಳಗೆ ತಮ್ಮ ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿ, "ಇಷ್ಟು ತೆರೆ" ಎಂದರು. ಬೆರಳಿಗೆ ಕಾಫಿಯ ವಾಸನೆ, ಬೆಳ್ಳುಳ್ಳಿಯ ವಾಸನೆ. ಇನ್ನೊಂದು ಕೈ ನನ್ನ ಹೊಟ್ಟೆಯ ಮೇಲೆ, ಸೀರೆಯ ನಿರಿಗೆ ಸಿಕ್ಕಿಸುವ ಜಾಗದಲ್ಲಿ. "ಉಸಿರು ಇಲ್ಲಿಂದ ಏಳಬೇಕು" ಎಂದು ಒತ್ತಿದರು. ನಾನು ಅವರ ಕೈ ಕೊಡವಿಕೊಂಡು ಹೊರಗೆ ಓಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೆಳಗೆ ಟ್ರಾಮು ಗಂಟೆ ಬಾರಿಸುತ್ತ ಹೋಗುತ್ತಿತ್ತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾನು ಓಡಿದ್ದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾವು ನಗುವಾಗ ಸೆರಗು ಬಾಯಿಗೆ ಹೋಗುತ್ತದೆ. ಆಕಳಿಸುವಾಗ ಅಂಗೈ ಅಡ್ಡ ಬರುತ್ತದೆ. ಹಾಡುವಾಗ ಕೂಡ ಹಲ್ಲು ಕಾಣದಂತೆ ಹಾಡುತ್ತೇವೆ. ಬೀಸುವ ಕಲ್ಲಿನ ಮುಂದೆ ತಲೆ ಬಗ್ಗಿಸಿದರೆ ಮುಗಿಯಿತು, ಯಾರ ಬಾಯಿ ಎಷ್ಟು ತೆರೆದಿದೆ ಎಂದು ಯಾರು ನೋಡುತ್ತಾರೆ? ಇಲ್ಲಿ ಕನ್ನಡಿಯ ಮುಂದೆ ನಿಂತು ನನ್ನ ಕಿರುನಾಲಿಗೆಯನ್ನು ನಾನೇ ನೋಡುವುದನ್ನು ಕಲಿಯಬೇಕಿತ್ತು.

ನನ್ನ ಹೆಸರು ನೀಲವ್ವ. ನಮ್ಮ ಮೂಲ ತುಕ್ಕಾನಟ್ಟಿ, ಆದರೆ ನಾನು ಬೆಳೆದದ್ದು ಧುಪದಾಳದಲ್ಲಿ. ಅಲ್ಲಿ ಹೊಳೆಗೆ ಕಟ್ಟಿದ ಒಡ್ಡಿನ ಮೇಲೆ, ಕಾಲುವೆಯ ಬಾಗಿಲು ಎತ್ತಿ ಇಳಿಸುವುದು ಅಪ್ಪನ ಕೆಲಸ. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುವ ಸಪ್ಪಳಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಪ್ಪನಿಗೆ ಬುತ್ತಿ ಒಯ್ಯುವವಳು ನಾನು. ದಂಡೆಯಲ್ಲಿ ನಿಂತು "ಅಪ್ಪಾ" ಎಂದು ಕೂಗುತ್ತಿದ್ದೆ. ಒರಲಿದರೆ ಗಂಟಲು ಹರಿಯುತ್ತದೆ, ನೀರಿನ ಸಪ್ಪಳದ ಮೇಲೆ ದನಿಯನ್ನು ತೇಲಿಬಿಟ್ಟರೆ ಆಚೆ ದಡ ಮುಟ್ಟುತ್ತದೆ ಎಂಬುದು ನನಗೆ ತಾನಾಗಿಯೇ ತಿಳಿದಿತ್ತು. ಆ ಕೂಗು ಒಮ್ಮೆ ಬಂಗಲೆಯ ಮೇಮಸಾಬರ ಕಿವಿಗೆ ಬಿತ್ತು.

ಅವರು ನೀರಾವರಿ ಇಂಜಿನಿಯರ ಸಾಹೇಬರ ಹೆಂಡತಿ. ನಾಲ್ಕು ಮಾತಾಡಲು ಜೊತೆಯಿಲ್ಲದ ಆ ಬಂಗಲೆಯಲ್ಲಿ ಅವರಿಗೆ ಪಿಯಾನೊ ಒಂದೇ ಗತಿ. ನನ್ನನ್ನು ಕರೆಸಿ, ತಾವು ಒತ್ತಿದ ಸ್ವರವನ್ನು ನಾನು ತಿರುಗಿ ಹಾಡುವಂತೆ ಮಾಡಿದರು. ಒತ್ತುತ್ತ ಒತ್ತುತ್ತ ಮೇಲೆ ಹೋದರು, ನಾನೂ ಹೋದೆ. ಕೊನೆಗೆ ಪಿಯಾನೊ ಬಿಟ್ಟು ಎದ್ದು ನಿಂತು ನನ್ನ ಮುಖ ನೋಡಿದರು. ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಎತ್ತರದ ದನಿಗೆ ಅವರ ಕಡೆ ಸೊಪ್ರಾನೊ ಎನ್ನುತ್ತಾರೆ. ಆ ಮಾತು ನನ್ನ ಕಿವಿಗೆ ಬಿದ್ದದ್ದು ಆವತ್ತೇ. ಆಮೇಲೆ ವರ್ಷಗಟ್ಟಲೆ ಮಧ್ಯಾಹ್ನದ ಕೆಲಸ ಮುಗಿಸಿ ಬಂಗಲೆಗೆ ಹೋಗುತ್ತಿದ್ದೆ. ಅವ್ವನಿಗೆ ಅದು ಒಂದಿಷ್ಟೂ ಸೇರುತ್ತಿರಲಿಲ್ಲ, ಜನ ಏನಂದಾರು ಎಂಬ ಹೆದರಿಕೆ.

ಅವ್ವನ ಹೆದರಿಕೆ ನಿಜವಾಯಿತು. ಮೂಡಲಗಿಯ ಅಂಗಡಿಕಾರರ ಮನೆತನದಲ್ಲಿ ನನಗೆ ಗಂಡು ಗೊತ್ತಾಗಿತ್ತು. ಒಂದು ದಿನ ಆ ಮನೆಯ ಹಿರಿಯರು ಬಂದು, ಕೊಟ್ಟ ನೀರನ್ನೂ ಮುಟ್ಟದೆ ಜಗಲಿಯ ಮೇಲೆ ಕುಳಿತು ಹೇಳಿದರು: "ಬಂಗ್ಲೇದಾಗ ಪೆಟಗಿ ಬಾರಿಸಿಕೋತ ಹಾಡೂ ಹುಡುಗಿ ನಮ್ಮ ಮನಿಗೆ ಬ್ಯಾಡ್ರಿ. ಇವತ್ತ ಸಾಹೇಬರ ಮುಂದ ಹಾಡ್ಯಾಳ, ನಾಳೆ ನಾಟಕ ಕಂಪನ್ಯಾಗ ನಿಂತಾಳ. ತಪ್ಪ ತಿಳ್ಕೋಬ್ಯಾಡ್ರಿ."

ಅವ್ವ ಒಲೆಯ ಮುಂದೆ ಕುಳಿತು ಅತ್ತಳು. ಅದೇ ವೇಳೆಗೆ ಸಾಹೇಬರಿಗೆ ಮುಂಬಯಿಗೆ ವರ್ಗವಾಗಿತ್ತು. ಮೇಮಸಾಬರು ತಮ್ಮ ಕೂಸನ್ನು ನೋಡಿಕೊಳ್ಳಲು ನನ್ನನ್ನು ಕರೆದೊಯ್ಯುತ್ತೇನೆ, ಅಲ್ಲಿ ಒಳ್ಳೆಯ ಗುರುವಿನ ಹತ್ತಿರ ಕಲಿಸುತ್ತೇನೆ ಎಂದು ಕೇಳಿಯೇ ಇದ್ದರು. ಅಪ್ಪ ಮರುದಿನ ಬಂಗಲೆಗೆ ಹೋಗಿ ಒಪ್ಪಿಗೆ ಕೊಟ್ಟು ಬಂದ.

"ಹಾಡಿದ್ದಕ್ಕ ಮದಿವಿ ಮುರೀತು" ಎಂದ ನನಗೆ. "ಇನ್ನ ಹಾಡರ ಪೂರಾ ಕಲಿ. ಅರ್ಧಾ ಬಿಟ್ಟರ ಎರಡೂ ಹೋದಂಗ."

ಹೊರಡುವ ಮುಂಜಾನೆ ಅವ್ವ ನನ್ನ ಕೊರಳಿನ ಲಿಂಗಕ್ಕೆ ಹೊಸ ಶಿವದಾರ ಕಟ್ಟಿದಳು. "ಇದನ್ನ ಮೈಮ್ಯಾಲಿಂದ ತಗೀಬ್ಯಾಡ" ಎಂದಳು.

*

ಊರಿನಲ್ಲಿ ಸಪ್ಪಳವೆಂದರೆ ಒಂದೇ, ನೀರಿನದು. ಅದು ಕಿವಿಗೆ ರೂಢಿಯಾಗಿ ಸಪ್ಪಳವೇ ಇಲ್ಲದಂತೆ ಆಗಿರುತ್ತದೆ. ಮುಂಬಯಿಯ ಸಪ್ಪಳ ಹಾಗಲ್ಲ. ಒಂದನ್ನು ಕಿವಿ ಒಪ್ಪಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತದೆ. ಮೊದಲ ತಿಂಗಳುಗಳಲ್ಲಿ ನನಗೆ ತಲೆಯ ತುಂಬ ನೋವು. ಮೇಮಸಾಬರ ಮನೆ ಸಮುದ್ರದ ದಂಡೆಗಿತ್ತು. ಕೂಸನ್ನು ಗಾಡಿಯಲ್ಲಿ ಕೂಡಿಸಿ ತಳ್ಳಿಕೊಂಡು ಹೋಗುವುದು, ವಾರದಲ್ಲಿ ಕೆಲವು ದಿನ ಗ್ರಾಂಟ್ ರೋಡಿನ ಹಿಂದಿನ ಗಲ್ಲಿಯಲ್ಲಿದ್ದ ಆ ಮುದುಕಿಯ ಮನೆಗೆ ಪಾಠಕ್ಕೆ ಹೋಗುವುದು. ಹೌದು, ಓಡಿಬಂದವಳು ಮರುವಾರ ಮತ್ತೆ ಹೋಗಿದ್ದೆ. ತಿರುಗಿ ಹೋಗಲು ಧುಪದಾಳದಲ್ಲಿ ನನಗಾಗಿ ಏನೂ ಉಳಿದಿರಲಿಲ್ಲ.

ಅವರನ್ನು ಎಲ್ಲರೂ ಸಿನ್ಯೋರಾ ಎನ್ನುತ್ತಿದ್ದರು. ಇಟಲಿಯ ಮಾತಿನಲ್ಲಿ ಅದಕ್ಕೆ ಅಮ್ಮನವರು ಎಂದಷ್ಟೇ ಅರ್ಥ. ಬಹಳ ಹಿಂದೆ ಒಂದು ಒಪೆರಾ ಕಂಪನಿಯ ಜೊತೆ ಹಡಗಿನಲ್ಲಿ ಬಂದವರು, ಇಲ್ಲಿ ವಿಷಮಜ್ವರ ಬಂದು ಮಲಗಿದರು. ಕಂಪನಿ ಮುಂದಿನ ಊರಿಗೆ ಹೋಯಿತು. ಗಂಟಲು ಪೂರ್ತಿ ಚೇತರಿಸಲಿಲ್ಲ. ಅಂದಿನಿಂದ ಪಾರಸಿ, ಗೋವೆಯ ಕ್ರಿಶ್ಚಿಯನ್, ಇಂಗ್ಲಿಷ್ ಮನೆಗಳ ಹುಡುಗಿಯರಿಗೆ ಹಾಡು ಕಲಿಸುತ್ತ ಇಲ್ಲಿಯೇ ಉಳಿದಿದ್ದರು. ನನ್ನ ಜೊತೆ ಮುರುಕು ಹಿಂದುಸ್ತಾನಿಯಲ್ಲಿ ಮಾತಾಡುವರು. ನನ್ನ ಹಿಂದುಸ್ತಾನಿ ಅದಕ್ಕಿಂತ ಮುರುಕು. ಸಿಟ್ಟು ಬಂದಾಗ ಅವರು ಇಟಲಿಯ ಮಾತಿನಲ್ಲಿ ಬೈಯುವರು, ನಾನು ಕನ್ನಡದಲ್ಲಿ ಗೊಣಗುವೆ. ಅರ್ಥವಾಗದ್ದರಿಂದ ಇಬ್ಬರಿಗೂ ನೋವಾಗುತ್ತಿರಲಿಲ್ಲ.

ಒಪೆರಾ ಎಂದರೇನೆಂದು ಓದುಗರು ಕೇಳಬಹುದು. ನಮ್ಮ ಬಯಲಾಟವನ್ನೇ ನೆನೆಸಿಕೊಳ್ಳಿ, ಆದರೆ ಅದರೊಳಗಿನ ಮಾತನ್ನೆಲ್ಲ ತೆಗೆದುಹಾಕಿ. ಜಗಳವೂ ಹಾಡಿನಲ್ಲಿ, ಊಟಕ್ಕೆ ಕರೆಯುವುದೂ ಹಾಡಿನಲ್ಲಿ, ಸಾಯುವುದಂತೂ ಬಹಳ ಉದ್ದದ ಹಾಡಿನಲ್ಲಿ. ನಮ್ಮಲ್ಲಿ ತಂಬೂರಿಯೋ ಏಕತಾರಿಯೋ ಹಿಂದೆ ನುಡಿಯುತ್ತಲೇ ಇರುತ್ತದೆ. ದಾರಿ ತಪ್ಪಿದರೂ ಆ ಶ್ರುತಿಯೊಳಗೆ ಹಿಂದಿರುಗಬಹುದು, ತಾಯಿಯ ಸೆರಗು ಹಿಡಿದಂತೆ. ಇಲ್ಲಿ ಹಿಡಿಯಲು ಸೆರಗೇ ಇಲ್ಲ. ಪಿಯಾನೊ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ, ಎರಡೂ ಸರಿ ಎನ್ನುತ್ತಾರೆ. ಇಲ್ಲದ ನೆಲದ ಮೇಲೆ ಕಾಲಿಡುತ್ತ ಹೋದಂತೆ ಇರುತ್ತಿತ್ತು ನನಗೆ. ನಾನು ನಮ್ಮ ರೂಢಿಯಂತೆ ಸ್ವರದಿಂದ ಸ್ವರಕ್ಕೆ ಜಾರಿದರೆ ಸಿನ್ಯೋರಾ ಕೈಯಲ್ಲಿದ್ದ ಬೀಸಣಿಗೆಯಿಂದ ಪಿಯಾನೊ ಕುಟ್ಟಿ, "ಜಾರಬೇಡ! ಮೆಟ್ಟಿಲಿದೆ, ಮೆಟ್ಟಿಲು ಹತ್ತು!" ಎನ್ನುವರು. ಫಿಯಾತೋ, ಫಿಯಾತೋ ಎಂಬುದು ಅವರ ಜಪ. ಉಸಿರು ಎಂದರ್ಥ.

ಎರಡು ಮಳೆಗಾಲ ಕಳೆದ ಮೇಲೆ ಮೇಮಸಾಬರು ಕೂಸಿನ ಆರೋಗ್ಯಕ್ಕೆಂದು ವಿಲಾಯತಿಗೆ ಹೊರಟರು. ನನ್ನನ್ನು ಊರಿಗೆ ಕಳಿಸುವ ಮಾತು ಬಂತು. ಅದನ್ನು ಕೇಳಿದ ಸಿನ್ಯೋರಾ, "ಇವಳ ದನಿ ಇನ್ನೂ ಹಸಿ. ಈಗ ಕಳಿಸಿದರೆ ಕೆಡುತ್ತದೆ. ನನ್ನ ಹಿಂದಿನ ಕೋಣೆ ಖಾಲಿಯಿದೆ" ಎಂದರು. ಹೀಗೆ ನಾನು ಆ ಹಿಂದಿನ ಕೋಣೆಯವಳಾದೆ.

ಒಂದೇ ಅಡುಗೆಮನೆಯಲ್ಲಿ ನಾವಿಬ್ಬರು ಹೊಂದಿಕೊಂಡದ್ದು ಸಣ್ಣ ಮಾತಲ್ಲ. ಅವರ ಪಾತ್ರೆಯಲ್ಲಿ ಮೀನು, ದನದ ಮಾಂಸ. ನಾನು ಮೊದಲ ವಾರ ಬಾಳೆಹಣ್ಣು, ಚುರುಮುರಿಗಳ ಮೇಲೆ ದಿನ ತಳ್ಳಿದೆ. ಅವರು ನೋಡಿ ನೋಡಿ, ಒಂದು ಸಂಜೆ ರೊಟ್ಟಿ ಸುಡುವ ಹೊಸ ಹಂಚು, ಹೊಸ ಬುಟ್ಟಿ, ಹೊಸ ಗಡಿಗೆಗಳನ್ನು ಹೊರಿಸಿಕೊಂಡು ಬಂದು, ಕಿಟಕಿಯ ಬದಿಗೆ ಬೇರೆ ಒಲೆ ಹೂಡಿಸಿದರು. "ಅದು ನಿನ್ನದು. ನಾನು ಮುಟ್ಟುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಉಸಿರು ನಿಲ್ಲುವುದಿಲ್ಲ" ಎಂದರು.

ಹಂಚು ಬಂತು, ಜೋಳದ ಹಿಟ್ಟು ಎಲ್ಲಿ? ಗಿರಣಿಯ ಕೂಲಿಗಳಿರುವ ಲಾಲಬಾಗದಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಅಲ್ಲಿ ವಠಾರಕ್ಕೆ ಚಾಳು ಎನ್ನುತ್ತಾರೆ. ಒಂದು ಚಾಳಿನ ನಳದ ಮುಂದೆ ಹೆಂಗಸೊಬ್ಬಳು ಕೊಡ ತೊಳೆಯುತ್ತ ಇನ್ನೊಬ್ಬಳಿಗೆ, "ಏ, ಸರೀ ನಿಂದ್ರಬೇ, ಮೈಮ್ಯಾಲ ನೀರ ಸಿಡೀತೈತಿ" ಎಂದಳು. ನಾನು ಅಲ್ಲಿಯೇ ನಿಂತುಬಿಟ್ಟೆ. ಅವಳು ತಲೆಯೆತ್ತಿ ನೋಡಿ, "ಯಾಕೆ ತಂಗಿ, ಯಾರು ಬೇಕಾಗಿತ್ತು?" ಎಂದು ಮರಾಠಿಯಲ್ಲಿ ಕೇಳಿದಳು. "ಜ್ವಾಳದ ಹಿಟ್ಟ" ಎಂದೆ ಕನ್ನಡದಲ್ಲೇ, ಕಣ್ಣಲ್ಲಿ ನೀರು ಹೊರಟಿತು. ಅವಳ ಹೆಸರು ಬಾಳವ್ವ. ಹುಕ್ಕೇರಿಯ ಕಡೆಯವಳು, ಗಂಡನ ಜೊತೆ ಗಿರಣಿಗೆ ದುಡಿಯಲು ಬಂದವಳು. ಆ ದಿನ ಅವಳ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ ತಿಂದೆ. ತಿಂದು ಮುಗಿಸುವವರೆಗೆ ಅವಳು ನನ್ನನ್ನು ಏನೂ ಕೇಳಲಿಲ್ಲ.

ಆಮೇಲೆ ಕೇಳಿದಳು. "ನೀ ಇಲ್ಲೆ ಏನ ಮಾಡಾಕತ್ತೀ?"

"ಹಾಡ ಕಲಿಯಾಕತ್ತೇನಿ."

"ಒಂದ ಹಾಡ ಹೇಳ ಮತ್ತ."

ಸಿನ್ಯೋರಾ ಕಲಿಸಿದ್ದೊಂದನ್ನು ಹಾಡಿದೆ. ಚಾಳಿನ ಹೆಂಗಸರು ಬಾಗಿಲಲ್ಲಿ ಸೇರಿದರು. ದನಿ ಮೇಲಕ್ಕೆ ಹೋದಾಗ ಯಾರೋ ಕಿಸಕ್ಕನೆ ನಕ್ಕರು, ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಬಾಳವ್ವ ಮಾತ್ರ ನಗದೆ, ನನ್ನ ತೋಳು ಹಿಡಿದು ಗಾಬರಿಯಿಂದ, "ಹಿಂಗ ಒದರಿದ್ರ ನಿನಗ ನೋವ ಆಗೂದಿಲ್ಲಾ?" ಎಂದಳು.

ಜೋಳದ ಹಿಟ್ಟಿಗಾಗಿ ಮುಂದೆಯೂ ಅವಳ ಮನೆಗೆ ಹೋಗುತ್ತಿದ್ದೆ. ಅಲ್ಲಿ ಮತ್ತೆ ಹಾಡಲಿಲ್ಲ.

*

ದನಿ ಹದಕ್ಕೆ ಬಂತು ಎನ್ನಿಸಿದಾಗ ಸಿನ್ಯೋರಾ ನನ್ನನ್ನು ಗೋರಾ ಸಾಹೇಬರ ಒಂದು ಸಂಗೀತ ಸಂಘಕ್ಕೆ ಕರೆದೊಯ್ದರು. ಅಲ್ಲಿ ಮೊದಲು ಹಿಂಬದಿಯ ಮೇಳದಲ್ಲಿ ಹಾಡಿದೆ. ಮುಂದೆ ಸಂಘದವರು ಒಂದು ಹೊಸ ಒಪೆರಾ ಆಡಲು ನಿಶ್ಚಯಿಸಿದರು. ಬರೆದವರು ಸಂಘದ ಸಾಹೇಬರೊಬ್ಬರೇ. ಕತೆ ಹಿಂದುಸ್ತಾನದ್ದು: ಗುಡಿಯಲ್ಲಿ ದೀಪ ಹಚ್ಚುವ ಹುಡುಗಿ, ಹಡಗಿನಲ್ಲಿ ಬಂದ ವ್ಯಾಪಾರಿ, ಕೊನೆಗೆ ಹುಡುಗಿ ಹೊಳೆಗೆ ಹಾರುತ್ತಾಳೆ. ನಾಯಕಿಯ ಪಾತ್ರ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿಗೆ. ನಾನು ಅವಳ ಗೆಳತಿ. ಹೊಳೆದಂಡೆಯಲ್ಲಿ ನಿಂತು ನಾನೊಬ್ಬಳೇ ಹಾಡುವ ಒಂದು ಹಾಡು ನನ್ನ ಪಾಲಿಗೆ ಬಂದಿತ್ತು. ಆ ಹಾಡಿಗಾಗಿ ತಿಂಗಳುಗಟ್ಟಲೆ ದುಡಿದೆ.

ನಾಯಕಿಯ ಮುಖಕ್ಕೆ ಕಂದು ಬಣ್ಣ ಬಳಿದರು. ನನಗೂ ಬಳಿದರು, ನನ್ನ ಸ್ವಂತ ಬಣ್ಣ ಆ ದೀಪಗಳ ಕೆಳಗೆ ಸಾಕಷ್ಟು ಹಿಂದೂ ಆಗಿ ಕಾಣುತ್ತಿರಲಿಲ್ಲವಂತೆ. ಜರಿಯ ಬಟ್ಟೆ, ಹಿತ್ತಾಳೆ ಬಣ್ಣದ ಕಾಗದದ ತೋಳಬಂದಿ, ಕೊರಳು ಪೂರ್ತಿ ತೆರೆದ ಕುಬಸ. ಆಟದ ಹಿಂದಿನ ದಿನ ವೇಷ ಹಾಕಿ ನಿಂತಾಗ ಆಟ ಕೂಡಿಸುವ ಸಾಹೇಬರು ನನ್ನ ಕೊರಳತ್ತ ಬೆರಳು ಮಾಡಿದರು.

"ಅದೇನು ತೂಗುತ್ತಿರುವುದು?"

ಶಿವದಾರದಲ್ಲಿದ್ದ ಲಿಂಗದ ಕರಡಿಗೆ. ಹೇಗೆ ಹೇಳಲಿ? "ನನ್ನ ದೇವರು" ಎಂದೆ.

"ಚೆಂದ. ಆದರೆ ಈ ವೇಷಕ್ಕೆ ಹೊಂದುವುದಿಲ್ಲ. ಹಿಂದೂ ಹುಡುಗಿಯರು ಇಂಥದ್ದು ಹಾಕುವುದಿಲ್ಲ. ತೆಗೆದಿಡು."

ತೆಗೆಯಲು ಬರುವುದಿಲ್ಲ ಎಂದೆ. ಹಾಗಾದರೆ ಆ ಪಾತ್ರಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು ಅವರು, ಸಿಟ್ಟಿಲ್ಲದೆ, ಮಳೆ ಬರುವ ಹಾಗಿದೆ ಎನ್ನುವಂತೆ. ಸಿನ್ಯೋರಾ ನನ್ನನ್ನು ಪರದೆಯ ಹಿಂದೆ ಎಳೆದುಕೊಂಡು ಹೋದರು.

"ಒಂದು ಸಣ್ಣ ಕಲ್ಲು! ಆಟ ಮುಗಿಯುವವರೆಗೆ ನನ್ನ ಚೀಲದಲ್ಲಿ ಇಡು. ಇದಕ್ಕಾಗಿ ಇಷ್ಟು ವರ್ಷದ ಕೆಲಸ ಹಾಳು ಮಾಡುತ್ತೀಯಾ?"

ನಾನು ಅವರ ಕೊರಳನ್ನೇ ನೋಡಿದೆ. ಅಲ್ಲಿ ಸಣ್ಣ ಬಂಗಾರದ ಶಿಲುಬೆಯಿತ್ತು. "ನೀವು ಅದನ್ನು ನನ್ನ ಚೀಲದಲ್ಲಿ ಇಡುತ್ತೀರಾ?" ಎಂದು ಕೇಳಿದೆ.

ಸಿನ್ಯೋರಾ ಶಿಲುಬೆಯನ್ನು ಬೆರಳಿನಿಂದ ಮುಚ್ಚಿದರು. ಅವರ ಮುಖ ಕೆಂಪಾಯಿತು. ಆಮೇಲೆ, "ಮೈಮೇಲೆ ಇದ್ದರೆ ಸಾಕೋ, ಕೊರಳಲ್ಲೇ ಇರಬೇಕೋ?" ಎಂದರು. ತೋಳಿಗೆ ಕಟ್ಟುವುದುಂಟು ಎಂದೆ. ಅವರು ನನ್ನ ಕೈಗೆ ಆ ಕಾಗದದ ತೋಳಬಂದಿ ಕೊಟ್ಟು, ಬೆನ್ನು ತಿರುಗಿಸಿ ನಿಂತರು. ನಾನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಬಿಗಿದು, ಮೇಲೆ ತೋಳಬಂದಿ ಏರಿಸಿದೆ. ಮರುದಿನ ಆಟದಲ್ಲೂ ಹಾಗೆಯೇ ಹಾಡಿದೆ. ಹೊಳೆದಂಡೆಯ ಹಾಡು ಮುಗಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ತಲೆಬಾಗಿ ನಿಂತ ನನಗೆ ತೋಳು ಜೋಮು ಹಿಡಿದದ್ದಷ್ಟೇ ಗೊತ್ತಾಗುತ್ತಿತ್ತು.

ಆ ಆಟಕ್ಕೆ ಅಪ್ಪ ಬಂದಿದ್ದ. ಧುಪದಾಳದಿಂದ ಗಾಡಿ ಹತ್ತಿ, ತಲೆಗೆ ಒಗೆದ ರುಮಾಲು ಸುತ್ತಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕುಳಿತು ನೋಡಿದ. ಮುಗಿದ ಮೇಲೆ ನಾನು ಬಣ್ಣ ತೊಳೆದುಕೊಂಡು ಹೊರಗೆ ಬಂದಾಗ ಒಂದು ಕಂಬದ ಬಾಜೂ ನಿಂತಿದ್ದ.

"ಹೆಂಗಾತಪ್ಪ?" ಎಂದೆ.

"ನಿನ್ನ ದನಿ ಮ್ಯಾಲಿನ ತನಕಾ ಕೇಳತಿತ್ತ. ಉಳಿದವರದ ಕೇಳಲಿಲ್ಲ." ರುಮಾಲು ಸರಿಮಾಡಿಕೊಳ್ಳುತ್ತ ಕೇಳಿದ: "ಅವರೆಲ್ಲಾ ಯಾವ ದೇಶದವರವ್ವಾ, ಆಟದಾಗಿನವರು?"

"ನಮ್ಮ ದೇಶದವರಂತ ಅಪ್ಪ. ಹಿಂದೂ ಮಂದಿ."

ಅಪ್ಪ ನನ್ನ ಮುಖ ನೋಡಿದ, ಚೇಷ್ಟೆ ಮಾಡುತ್ತಿದ್ದೇನೋ ಎಂದು. "ಖರೇನ?" ಎಂದ. ಅವನಿಗೆ ಗುರುತೇ ಸಿಗದ ಜಾಗದಲ್ಲಿ ನಾನು ಗೆದ್ದಿದ್ದೆ.

ಆಮೇಲೆ ನನಗೆ ಕೆಲಸ ಬರತೊಡಗಿತು. ಆದರೆ ಬಂದದ್ದೆಲ್ಲ ಒಂದೇ ತರಹದ್ದು. ಗೆಳತಿ, ದಾಸಿ, ಜಿಪ್ಸಿ ಹುಡುಗಿ. "ದನಿ ನಾಯಕಿಯದು, ಆದರೆ..." ಎಂದು ಸಂಘದವರು ಅರ್ಧಕ್ಕೆ ಬಿಡುತ್ತಿದ್ದರು. ಸಿನ್ಯೋರಾ ಸಿಟ್ಟಿನಿಂದ ಕುದಿಯುವರು. ಯುರೋಪಿನಲ್ಲಿ ಎದ್ದಿರುವ ಲಡಾಯಿಯ ಗುಲ್ಲು ತಣ್ಣಗಾಗಲಿ, ನಿನ್ನನ್ನು ನನ್ನ ದೇಶಕ್ಕೆ ಕಳಿಸುತ್ತೇನೆ, ಅಲ್ಲಿ ಕಿವಿಯಿಂದ ಕೇಳುತ್ತಾರೆ, ಕಣ್ಣಿನಿಂದಲ್ಲ ಎನ್ನುವರು. ಅದಕ್ಕಾಗಿ ನನಗೆ ಇಟಲಿಯ ಮಾತು ಕಲಿಸತೊಡಗಿದ್ದರು.

ಗುಲ್ಲು ತಣ್ಣಗಾಗಲಿಲ್ಲ. ಇಟಲಿಯೂ ಇಂಗ್ಲಿಷರ ವಿರುದ್ಧ ಲಡಾಯಿಗೆ ಇಳಿಯಿತು. ಮರುದಿನ ಮುಂಜಾನೆಯೇ ಪೊಲೀಸರು ಬಾಗಿಲಿಗೆ ಬಂದರು. ಅವರ ಅಧಿಕಾರಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಮರ್ಯಾದೆಯಿಂದಲೇ ಹೇಳಿದರು: ಶತ್ರುದೇಶದ ಪ್ರಜೆಗಳನ್ನೆಲ್ಲ ಒಂದು ಕಡೆ ಇರಿಸಬೇಕೆಂದು ಹುಕುಮು ಬಂದಿದೆ.

"ನನ್ನ ಊರಿನಲ್ಲಿ ಕಳೆದದ್ದಕ್ಕಿಂತ ಹೆಚ್ಚು ಕಾಲ ಈ ಊರಿನಲ್ಲಿ ಕಳೆದಿದ್ದೇನೆ" ಎಂದರು ಸಿನ್ಯೋರಾ.

"ಇರಬಹುದು ಮೇಡಂ. ಕಾಗದದಲ್ಲಿ ನೀವು ಇಟಲಿಯವರು."

ಅವರು ಸಾಮಾನು ಕಟ್ಟಿದ ರೀತಿ ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಡಿನ ಪುಸ್ತಕಗಳನ್ನೆಲ್ಲ ತುಂಬಿಕೊಂಡರು, ಹೊದೆಯುವ ಶಾಲನ್ನೇ ಮರೆತರು. ನಾನು ಕೆಳಗೆ ಓಡಿ ಗಾಡಿಯೊಳಗೆ ಶಾಲು ಹಾಕಿದೆ. ಅವರು ನನ್ನ ಕೈ ಹಿಡಿದು, "ಪಿಯಾನೊಗೆ ತೇವ ತಾಗದಂತೆ ನೋಡಿಕೋ. ಮಕ್ಕಳು ಪಾಠಕ್ಕೆ ಬಂದರೆ ತಿರುಗಿ ಕಳಿಸಬೇಡ, ನೀನು ಹೇಳಿಕೊಡು" ಎಂದರು. ಗಾಡಿ ಹೋಯಿತು. ಆ ಗಲ್ಲಿಯ ಜನ ಕಿಟಕಿಗಳಲ್ಲಿ ನಿಂತು ನೋಡುತ್ತಿದ್ದರು. ನಾನು ಮೇಲೆ ಬಂದು ನೋಡಿದರೆ, ಅವರ ಒಲೆಯ ಮೇಲೆ ಕಾಫಿ ಕುದಿದು ಕುದಿದು ಇಂಗಿಹೋಗಿತ್ತು.

*

ಅವರನ್ನು ಇರಿಸಿದ್ದು ಸಾತಾರೆಯ ಹತ್ತಿರ, ಬೇಲಿ ಹಾಕಿದ ಕೆಲವು ಬಂಗಲೆಗಳಲ್ಲಿ. ನಮ್ಮ ಊರಿಗೆ ಹೋಗುವ ಗಾಡಿ ಆ ದಾರಿಯಲ್ಲೇ ಹಾಯುತ್ತದೆ. ಹೋದ ವರ್ಷ ಅಕ್ಕನಿಗೆ ಗಂಡು ಕೂಸು ಹುಟ್ಟಿತು. ಹೆಸರಿಡಲು ಕಣಗಲಾಕ್ಕೆ, ಅಕ್ಕನ ಗಂಡನ ಮನೆಗೆ ಬಾ ಎಂದು ಅಪ್ಪ ಕಾಗದ ಬರೆಸಿದ. ಹೋಗುವಾಗ ಪರವಾನಗಿ ಪಡೆದು ಸಾತಾರೆಯಲ್ಲಿ ಇಳಿದೆ.

ಸಿನ್ಯೋರಾ ಸಣ್ಣಗಾಗಿದ್ದರು. ಬೇವಿನ ಮರದ ಕೆಳಗೆ ಎರಡು ಕುರ್ಚಿ, ದೂರದಲ್ಲಿ ಒಬ್ಬ ಹವಾಲ್ದಾರ. ನಾನು ಮಕ್ಕಳಿಗೆ ಪಾಠ ಹೇಳುವುದು, ಹೋಟೆಲಿನ ವಾದ್ಯಮೇಳದ ಜೊತೆ ಹಾಡುವುದು, ಕ್ರಿಶ್ಚಿಯನ್ನರ ಇಗರ್ಜಿಯ ಮದುವೆಗಳಲ್ಲಿ ಹಾಡುವುದು, ಎಲ್ಲ ಹೇಳಿದೆ. ಈಗ ಎಲ್ಲಿಗೆ ಹೊರಟಿದ್ದೀ ಎಂದು ಕೇಳಿದರು. ಊರಿಗೆ ಎಂದೆ.

"ಅಲ್ಲಿ ನಿನಗೆ ಹಾಡು, ಹಾಡು ಅನ್ನುತ್ತಾರೆ" ಎಂದರು. "ನಾನೂ ಈ ದೇಶಕ್ಕೆ ಬರುವ ಮೊದಲು, ಕಂಪನಿ ಸೇರಿದ ಮೇಲೆ, ಒಮ್ಮೆ ನನ್ನ ಊರಿಗೆ ತಿರುಗಿ ಹೋಗಿದ್ದೆ. ನನ್ನ ತಂಗಿಯ ಮದುವೆ. ಎಲ್ಲರೂ ಹಾಡು ಎಂದರು, ಹಾಡಿದೆ. ನನ್ನ ತಾಯಿ ನೆರೆಯವರಿಗೆ, ಇವಳು ಕೆಲಸಕ್ಕಾಗಿ ಹೀಗೆ ಹಾಡುತ್ತಾಳೆ, ಮನೆಯಲ್ಲಿ ಹಾಗಿಲ್ಲ ಎಂದು ಸಮಜಾಯಿಷಿ ಹೇಳಿದಳು. ಆದರೆ ಮನೆಯ ದನಿ ನನ್ನ ಹತ್ತಿರ ಉಳಿದೇ ಇರಲಿಲ್ಲ." ಅವರು ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಇದನ್ನು ಮೊದಲ ದಿನವೇ ಏಕೆ ಹೇಳಲಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಅವರು ಹೊದ್ದಿದ್ದ ಅದೇ ಶಾಲನ್ನು ನೋಡಿ ನುಂಗಿಕೊಂಡೆ.

ಕಣಗಲಾದಲ್ಲಿ ಮನೆ ತುಂಬ ಜನ. ತೊಟ್ಟಿಲಿನಲ್ಲಿ ಕೂಸನ್ನು ಹಾಕಿ ಹೆಂಗಸರು ಜೋಗುಳ ಹಾಡುವ ಹೊತ್ತಿಗೆ ಅಕ್ಕ, "ನಮ್ಮ ನೀಲವ್ವ ಹಾಡ್ಲಿ. ಮುಂಬಯ್ಯಾಗ ಸಾಹೇಬರ ಮುಂದ ಹಾಡಿದಾಕಿ" ಎಂದು ಅಭಿಮಾನದಿಂದ ನನ್ನನ್ನು ಮುಂದೆ ದೂಡಿದಳು.

ಚಿಕ್ಕಂದಿನಿಂದ ಬಲ್ಲ ಜೋಗುಳ. ಮೆತ್ತಗೆ ಹಿಡಿಯಬೇಕೆಂದುಕೊಂಡೇ ಶುರುಮಾಡಿದೆ. ಆದರೆ ಉಸಿರು ಹೊಟ್ಟೆಯಿಂದ ಎದ್ದಿತು; ಬಾಯಿ ತಾನಾಗಿ ತೆರೆಯಿತು; ದನಿ ತೊಲೆಗಳಿಗೆ ತಾಗಿ ತಿರುಗಿ ಬಂತು. ಜಾರಬೇಕಾದಲ್ಲಿ ಮೆಟ್ಟಿಲು ಹತ್ತಿದೆ. ಜೊತೆಗೆ ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ಕೊನೆಗೆ ನಾನೊಬ್ಬಳೇ ಹಾಡುತ್ತಿದ್ದೆ. ಕೂಸು ಬೆಚ್ಚಿಬಿದ್ದು ಚೀರಿ ಅಳತೊಡಗಿತು. ಅಕ್ಕ ಅದನ್ನು ಎತ್ತಿಕೊಂಡು, "ಪ್ರವಾಸ ಮಾಡಿ ಗಂಟಲಾ ಕೆಟ್ಟಿರಬೇಕ ಬಿಡ್ರಿ" ಎಂದು ಎಲ್ಲರಿಗೂ ಹೇಳಿದಳು. ಆಗ ಅವ್ವ ಮೂಲೆಯಿಂದಲೇ, ತಗ್ಗು ದನಿಯಲ್ಲಿ, ನಾನು ಬಿಟ್ಟಲ್ಲಿಂದ ಹಿಡಿದಳು. ಹೆಂಗಸರೆಲ್ಲ ಅವಳ ಹಿಂದೆ ಕೂಡಿಕೊಂಡರು. ಕೂಸು ಸುಮ್ಮನಾಯಿತು.

ಸಂಜೆ ಹಿತ್ತಲಲ್ಲಿ ಅವ್ವ ಪಾತ್ರೆ ತಿಕ್ಕುತ್ತಿದ್ದಳು. ನಾನು ನೀರು ಹಾಕುತ್ತ ಕುಳಿತೆ.

"ಸಿಟ್ಟ ಆಗೇತೇನವ್ವಾ?"

"ಸಿಟ್ಟ ಯಾಕ ಆಗ್ಲಿ? ಹಂಗ ಹಾಡಬ್ಯಾಡ ಅಂತ ನಾ ಅನ್ನೂದಿಲ್ಲ. ಛಲೋನೂ ಇರಬೇಕ, ದೊಡ್ಡವರು ಕೇಳ್ತಾರಂದ್ರ." ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಆದ್ರ ನೀ ಹಂಗ ಹಾಡಿದ್ರ ನಮಗ ನಿನ್ನ ಕೂಡ ಹಾಡಾಕ ಬರೂದಿಲ್ಲ, ನೋಡು."

ಮುಂಬಯಿಯಲ್ಲಿ ಯಾವ ಸಾಹೇಬರೂ ನನಗೆ ಅಷ್ಟು ನೋವಾಗುವ ಮಾತು ಆಡಿರಲಿಲ್ಲ. ಅಲ್ಲಿ ಹಾಡುವವಳು ಒಬ್ಬಳು, ಉಳಿದವರು ಕತ್ತಲಲ್ಲಿ ಕುಳಿತು ಕೇಳುವವರು. ಇಲ್ಲಿ ಸುಮ್ಮನೆ ಕೇಳುವವರೇ ಇಲ್ಲ, ಕೂಡಿದವರೆಲ್ಲ ಹಾಡುವವರೇ. ಆ ವ್ಯತ್ಯಾಸ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅಕ್ಕ ನನ್ನನ್ನು ಊರಲ್ಲೇ ಉಳಿಸಿಕೊಳ್ಳಬೇಕೆಂದು ಬಹಳ ಹೇಳಿದಳು. ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುವವರು ಬೇಕಾಗಿದ್ದಾರೆ, ಮಾತಾಡಿಸುತ್ತೇನೆ ಎಂದಳು. "ಎಷ್ಟ ದಿನಾ ಒಬ್ಬಾಕೀನ ಇರ್ತಿ? ಆ ಮುದುಕಿ ಸೈತ ಈಗ ಇಲ್ಲ ಅಲ್ಲೆ." ನನಗೂ ಆಸೆಯಾಯಿತು. ಬಿಸಿ ರೊಟ್ಟಿ, ಕನ್ನಡದ ಮಾತು, ಬಾಗಿಲು ತೆರೆದಿಟ್ಟೇ ಮಲಗುವ ಮನೆಗಳು. ಉಳಿದುಬಿಡೋಣ ಎಂದುಕೊಂಡು ಧುಪದಾಳಕ್ಕೆ ಬಂದು ಕೆಲವು ದಿನ ಇದ್ದೆ.

ಆದರೆ ಹಾಡದೆ ಇರಲು ಆಗಲಿಲ್ಲ. ಮುಂಜಾನೆ ಎದ್ದು ಕಾಲುವೆಯ ದಂಡೆಗೆ ಹೋಗಿ ಸ್ವರಗಳನ್ನು ಹತ್ತಿ ಇಳಿಯುತ್ತಿದ್ದೆ. ಎರಡನೆಯ ದಿನಕ್ಕೇ ಜನ ಕೂಡಿದರು. ಮೂರನೆಯ ದಿನ ನೋಡಿದರೆ ಒಬ್ಬರೂ ಇಲ್ಲ. ಅಪ್ಪ ದೂರದ ತಿರುವಿನಲ್ಲಿ ಬಡಿಗೆ ಹಿಡಿದು, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದ. ದನ ಹೊಡೆದುಕೊಂಡು ಬಂದವನೊಬ್ಬನಿಗೆ ಹೇಳುತ್ತಿದ್ದುದು ಗಾಳಿಯಲ್ಲಿ ಕೇಳಿಸಿತು: "ಈಕಡೆ ಬರಬ್ಯಾಡ್ರಿ. ನನ ಮಗಳ ಕೆಲಸದಾಗ ಅದಾಳ. ಆಮ್ಯಾಲ ಬರ್ರಿ."

ಅವನು ಅದನ್ನು ಕೆಲಸ ಎಂದಿದ್ದ. ಆ ಮಾತು ಕೇಳಿದ ಮೇಲೆ ಹುಕ್ಕೇರಿಯ ಶಾಲೆಯ ವಿಚಾರ ನನ್ನ ಮನಸ್ಸಿನಿಂದ ಹೋಯಿತು. ಈ ಕೆಲಸಕ್ಕೆ ಇಲ್ಲಿ ಜಾಗವಿಲ್ಲ. ಅಲ್ಲಿ ಜಾಗವಿದೆ, ಗೆಳತಿಯದೋ ದಾಸಿಯದೋ. ಅದೂ ಲಡಾಯಿ ಮುಗಿದ ಮೇಲೆ, ಈಗ ಮುಚ್ಚಿರುವ ಸಂಘ ತಿರುಗಿ ಬಾಗಿಲು ತೆರೆದರೆ. ಆದರೂ ಪಿಯಾನೊ ಅಲ್ಲಿದೆ, ಪಾಠಕ್ಕೆ ಬರುವ ಮಕ್ಕಳಿದ್ದಾರೆ, ಒಂದು ದಿನ ಬೇಲಿಯಿಂದ ಹೊರಬರುವ ಮುದುಕಿಗೆ ಒಂದು ಮನೆ ಇರಬೇಕಾಗಿದೆ.

ಬೀಳ್ಕೊಡಲು ಅವ್ವ ಸ್ಟೇಶನ್ನಿಗೆ ಬಂದಳು. ಮೊದಲ ಸಲ ನಾನು ಹೊರಟಾಗ ಅವಳು ಹೊಸ್ತಿಲು ದಾಟಿ ಬಂದಿರಲಿಲ್ಲ. ಗಾಡಿ ತಡವಾಗಿತ್ತು. ಇಬ್ಬರೂ ಟ್ರಂಕಿನ ಮೇಲೆ ಕು‌ಳಿತೆವು. ಬುತ್ತಿಯ ಗಂಟನ್ನು ಮತ್ತೆ ಮತ್ತೆ ಬಿಗಿಮಾಡುತ್ತ ಅವಳು ಏನೇನೋ ಮಾತಾಡಿದಳು: ಅಕ್ಕನ ಕೂಸಿನ ಜಾವಳ, ಅಪ್ಪನ ಮೊಣಕಾಲು ನೋವು. ಗಾಡಿ ಬಂದು ನಾನು ಹತ್ತಿ ಕಿಟಕಿಗೆ ಕುಳಿತ ಮೇಲೆ, ಕಂಬಿಯೊಳಗಿಂದ ಕೈ ಹಾಕಿ ನನ್ನ ಕೆನ್ನೆ ಸವರಿ ಹೇಳಿದಳು:

"ಹುಷಾರ. ನಿಮ್ಮೂರ ಮುಟ್ಟಿದ ಕೂಡ್ಲೆ ಒಂದ ಕಾಗದಾ ಹಾಕು."

ಅವಳು ಬೇಕೆಂದು ಹಾಗೆ ಅಂದಿರಲಿಲ್ಲ. ಬಂದ ಬೀಗರಿಗೆ, ನೆಂಟರಿಗೆ ಹೇಳುವ ಮಾತೇ ಬಾಯಿಗೆ ಬಂದಿತ್ತು. ಅಂದದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಹಾಕ್ತೇನವ್ವಾ" ಎಂದೆ. ಗಾಡಿ ಹೊರಟಿತು. ಡಬ್ಬಿಯಲ್ಲಿ ಎದುರು ಕುಳಿತಿದ್ದ ಹೆಂಗಸು ನನ್ನ ಕಣ್ಣೀರು ನೋಡಿ, "ತವರ ಬಿಟ್ಟ ಗಂಡನ ಮನಿಗೆ ಹೊಂಟೀಯೇನವ್ವಾ?" ಎಂದು ಅಕ್ಕರೆಯಿಂದ ಕೇಳಿದಳು. ಬೇರೆ ಹೇಗೆ ಹೇಳಬೇಕೆಂದು ತಿಳಿಯದೆ, ಹೌದೆಂದು ತಲೆ ಆಡಿಸಿದೆ.